ಫಿಟ್ಸ್ ಮತ್ತು ಭ್ರಮೆಯ ನಡುವಿನ ತಿಳಿ ದಿನಗಳು: ಕಲಬುರಗಿಯ ಪೂರ್ವ ತಾಲ್ಲೂಕುಗಳನ್ನು ಕುರಿತು

ಮೂರ್ಛೆರೋಗ ಮಿದುಳಿನ ಕಾಯಿಲೆ ಎಂಬುದರಲ್ಲಿ ತಕರಾರಿಲ್ಲ. ಲಾಡಿಹುಳುವಿನ ಮರಿ ಕೂತು ಸುಣ್ಣಗಟ್ಟಿದ ಗಂಟು, ಹೆರಿಗೆಯಲ್ಲಿ ಉಸಿರುಗಟ್ಟಿದ್ದು, ತಲೆಗೆ ಬಿದ್ದ ಪೆಟ್ಟು, ಹಿಪ್ಪೊಕ್ಯಾಂಪಸ್‌ನಲ್ಲಿ ಉಳಿದ ಕಲೆ, ಇವೆಲ್ಲ ಪರಿಚಿತ ಕಾರಣಗಳು. ಗೌರಿದೇವಿ ಮತ್ತು ಸಂಗಡಿಗರ ಬೆಂಗಳೂರು ಸಮೀಕ್ಷೆ (2004) ಸಾವಿರಕ್ಕೆ ಹಳ್ಳಿಗಳಲ್ಲಿ 11.9, ನಗರದಲ್ಲಿ 5.7 ರೋಗಿಗಳನ್ನು ಗುರುತಿಸಿತು. 1980ರ ದಶಕದಲ್ಲಿ ನಿಮ್ಹಾನ್ಸ್‌ನ ಬಳ್ಳಾರಿ ಕಾರ್ಯಕ್ರಮ ಫಿಟ್ಸ್ ಮತ್ತು ಮನೋರೋಗ ಎರಡರ ಚಿಕಿತ್ಸೆಯನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಂದಿತು.

ತಕರಾರಿರುವುದು ಇವೆರಡೂ ಒಬ್ಬರಲ್ಲೇ ಕಂಡಾಗ. ಸ್ಲೇಟರ್ ಮತ್ತು ಬಿಯರ್ಡ್ (1963) 69 ರೋಗಿಗಳನ್ನು ನೋಡಿ, ಮೂರ್ಛೆ ಶುರುವಾಗಿ ಸರಾಸರಿ 14 ವರ್ಷಗಳ ಮೇಲೆ ಸ್ಕಿಜೋಫ್ರೇನಿಯಾದಂಥ ಮನೋವಿಕಾರ ತಲೆದೋರುತ್ತದೆ ಎಂದರು. ಈ ಚಿತ್ರವನ್ನೇ ಮುಖ್ಯವೆಂದು ಹಿಡಿದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆ ಹೆಚ್ಚು ತುರ್ತಾದದ್ದು ಕೈತಪ್ಪುತ್ತದೆ ಎಂಬುದು ನನ್ನ ವಾದ. ಲಾಗ್ಸ್‌ಡೇಲ್ ಮತ್ತು ಟೂನ್ (1988) ವಿವರಿಸಿದ್ದು ಬೇರೆ ನಡೆ: ಸಾಲಾಗಿ ಫಿಟ್ಸ್ ಬರುತ್ತವೆ, ಆಮೇಲೆ ಒಂದೆರಡು ದಿನ, ಕೆಲವೊಮ್ಮೆ ವಾರದವರೆಗೆ, ಮನುಷ್ಯ ಪೂರಾ ತಿಳಿಯಾಗಿರುತ್ತಾನೆ. ಊಟ ಮಾಡುತ್ತಾನೆ, ಕಲ್ಲಿನ ಗಣಿಯ ಕೆಲಸಕ್ಕೂ ಹೋದಾನು. ಆಮೇಲೆ ನಿದ್ದೆ ಹಾರುತ್ತದೆ, ದೇವರ ಮಾತು, ಭಯ, ಹೊಡೆದಾಟ ಶುರುವಾಗುತ್ತವೆ. ನಡುವೆ ತಿಳಿ ದಿನಗಳು ಬಂದದ್ದರಿಂದ ಮನೆಯವರು ಇದನ್ನು ಫಿಟ್ಸ್‌ಗೆ ಜೋಡಿಸುವುದಿಲ್ಲ. 'ಗಾಳಿ ಬಡದದ' ಎಂದು ದತ್ತಾತ್ರೇಯ ಕ್ಷೇತ್ರವಾದ ಗಾಣಗಾಪುರಕ್ಕೆ ಕರೆದೊಯ್ದರೆ ಅದು ಅವರ ಮಟ್ಟಿಗೆ ಸಹಜ ತರ್ಕ. ಸಾಮಾನ್ಯವಾಗಿ ಈ ವಿಕಾರ ದಿನಗಳಲ್ಲೋ ವಾರಗಳಲ್ಲೋ ತಾನಾಗಿಯೇ ಇಳಿಯುವುದರಿಂದ, ಅಷ್ಟರಲ್ಲಿ ಮಾಡಿದ ಸೇವೆಯೇ ಗುಣಪಡಿಸಿತು ಎನಿಸುತ್ತದೆ. ಈ ನಡುವೆ ಮಾತ್ರೆ ತಪ್ಪಿದರೆ ಮತ್ತೆ ಫಿಟ್ಸ್, ಅದರ ಬೆನ್ನಿಗೆ ಮತ್ತೆ ಭ್ರಮೆ.

ಹೀಗೆಂದ ಮಾತ್ರಕ್ಕೆ ಕ್ಷೇತ್ರಕ್ಕೆ ಬರುವವರೆಲ್ಲ ಮೂರ್ಛೆರೋಗಿಗಳೆಂದಲ್ಲ. ಹಾಗೆ ಹೇಳುವುದು ಅನ್ಯಾಯ. ಮೈಮೇಲೆ ಬರುವುದು ಫಿಟ್ಸ್ ಇಲ್ಲದವರಲ್ಲೂ ಉಂಟು, ಫಿಟ್ಸ್‌ನಂತೆಯೇ ಕಾಣುವ ಮಾನಸಿಕ ಮೂಲದ ಸೆಳೆತಗಳೂ ಉಂಟು. ಸಿಡುಕು, ಆಕ್ರೋಶಗಳು ಲೆವೆಟಿರಾಸಿಟಂ ಮಾತ್ರೆಯ ಪರಿಣಾಮವೂ ಆಗಿರಬಹುದು. ನಾನು ಕೇಳುವುದು ಇಷ್ಟೇ: ಫಿಟ್ಸ್ ಮತ್ತು ಭ್ರಮೆ ಎರಡೂ ಕಂಡವರ ಕೇಸ್ ಶೀಟಿನಲ್ಲಿ ಕೊನೆಯ ಫಿಟ್ಸ್ ಬಂದ ದಿನ ಮತ್ತು ಭ್ರಮೆ ಶುರುವಾದ ದಿನ ಎರಡೂ ಇರಬೇಕು. ಭ್ರಮೆಯ ಹೊತ್ತಿನಲ್ಲಿ ಆತ್ಮಹತ್ಯೆಯ ಅಪಾಯವೂ ಇರುವುದರಿಂದ ಇದು ಬರೀ ದಾಖಲೆಯ ಪ್ರಶ್ನೆಯಲ್ಲ. ಟೆಂಪೊರಲ್ ಹಾಲೆಯಲ್ಲಿ ಸುಣ್ಣಗಟ್ಟಿದ ಗಂಟಿರುವವರಲ್ಲಿ ಫಿಟ್ಸ್ ನಂತರದ ಈ ಭ್ರಮೆ ಹೆಚ್ಚೇ ಎಂಬುದನ್ನು, ಈ ತಾಲ್ಲೂಕುಗಳ ಮಟ್ಟಿಗೆ, ಸ್ಕ್ಯಾನ್ ಮತ್ತು ಇಇಜಿಗಳೊಂದಿಗೆ ಆ ಎರಡು ದಿನಾಂಕಗಳನ್ನಿಟ್ಟು ನೋಡಿಯೇ ತೀರ್ಮಾನಿಸಬೇಕು.