ಸಣ್ಣ ಉದ್ಯಮಕ್ಕೆ ಕ್ಲೌಡ್ ಬೇಕಾ? ವೆಚ್ಚ, ಕಾನೂನು, ಅಪಾಯಗಳ ಪೂರ್ಣ ವಿವರ ಇಲ್ಲಿದೆ

2015ರ ಡಿಸೆಂಬರ್‌ನಲ್ಲಿ ಚೆನ್ನೈ ಮುಳುಗಿದಾಗ ಗಿಂಡಿ, ಅಂಬತ್ತೂರು ಕೈಗಾರಿಕಾ ಪ್ರದೇಶಗಳ ಸಣ್ಣ ಕಾರ್ಖಾನೆಗಳಿಗೂ ನೀರು ನುಗ್ಗಿತ್ತು. ಯಂತ್ರಗಳನ್ನು ಒಣಗಿಸಿ ರಿಪೇರಿ ಮಾಡಿಸಬಹುದು, ವಿಮೆಯನ್ನೂ ಕೇಳಬಹುದು. ಆದರೆ ನೆಲಮಹಡಿ ಆಫೀಸಿನ ಮೇಜಿನ ಕೆಳಗಿದ್ದ ಕಂಪ್ಯೂಟರ್ ನೀರುಪಾಲಾದರೆ ಅದರೊಳಗಿನ ಬಾಕಿ ಪಟ್ಟಿ, ಸ್ಟಾಕ್ ಲೆಕ್ಕ, ಗ್ರಾಹಕರ ವಿವರ ಮತ್ತೆ ಸಿಗುವುದು ಕಷ್ಟ. ಸಣ್ಣ ಉದ್ಯಮಿಗೆ ಕ್ಲೌಡ್‌ನ ಉಪಯೋಗ ಥಟ್ಟನೆ ಅರ್ಥವಾಗುವುದು ಇಂಥ ಹೊತ್ತಿನಲ್ಲೇ.

ಏನಿದು ಕ್ಲೌಡ್?

ಹೆಸರಲ್ಲಿ ಮೋಡವಿದ್ದರೂ ಎಲ್ಲವೂ ಇರುವುದು ನೆಲದ ಮೇಲೆಯೇ. ಬೇರೊಂದು ಕಂಪನಿಯ ಡೇಟಾ ಸೆಂಟರ್‌ನಲ್ಲಿರುವ ಕಂಪ್ಯೂಟರ್, ಸ್ಟೋರೇಜ್ ಅಥವಾ ಸಾಫ್ಟ್‌ವೇರ್ ಅನ್ನು ಇಂಟರ್ನೆಟ್ ಮೂಲಕ ಬಾಡಿಗೆಗೆ ಬಳಸುವುದೇ ಕ್ಲೌಡ್ ಕಂಪ್ಯೂಟಿಂಗ್. ಅಮೆಜಾನ್ 2006ರಲ್ಲಿ ಈ ವ್ಯಾಪಾರಕ್ಕೆ ಇಳಿಯಿತು. ಭಾರತದಲ್ಲಿ ಮೈಕ್ರೋಸಾಫ್ಟ್ 2015ರಲ್ಲಿ ಪುಣೆ, ಮುಂಬೈ, ಚೆನ್ನೈಗಳಲ್ಲಿ ಡೇಟಾ ಸೆಂಟರ್ ತೆರೆದರೆ, ಅಮೆಜಾನ್ 2016ರಲ್ಲಿ ಮುಂಬೈಗೂ 2022ರಲ್ಲಿ ಹೈದರಾಬಾದ್‌ಗೂ ಬಂತು. ಗೂಗಲ್ 2017ರಲ್ಲಿ ಮುಂಬೈ, 2021ರಲ್ಲಿ ದೆಹಲಿಯನ್ನು ಆರಿಸಿಕೊಂಡಿತು. ಹೀಗಾಗಿ ಡೇಟಾ ದೇಶದೊಳಗೇ ಇರಬೇಕು ಎನ್ನುವವರಿಗೆ ಈಗ ಆಯ್ಕೆಗಳಿಗೆ ಕೊರತೆಯಿಲ್ಲ.

ಸರ್ವರ್ ಬಾಡಿಗೆಗೆ ಪಡೆದು ತಾವೇ ನಡೆಸುವ ಗೊಡವೆ ಹೆಚ್ಚಿನ ಸಣ್ಣ ಉದ್ಯಮಗಳಿಗೆ ಬೇಕಿಲ್ಲ. ಸಿದ್ಧ ಸಾಫ್ಟ್‌ವೇರ್‌ಗೆ ಚಂದಾ ಕಟ್ಟಿದರೆ ಸಾಕು. ಜೋಹೋ ಬುಕ್ಸ್, ಗೂಗಲ್ ವರ್ಕ್‌ಸ್ಪೇಸ್, ಮೈಕ್ರೋಸಾಫ್ಟ್ 365 ಈ ಬಗೆಯವು. ಮುಂಬೈಯಲ್ಲಿ ಎರಡು ಶಾಖೆ ಇರುವ ಉಡುಪಿ ಹೋಟೆಲ್ ಮಾಲೀಕರು ಎರಡೂ ಕೌಂಟರ್‌ಗಳ ದಿನದ ವ್ಯಾಪಾರವನ್ನು ಊರಿಗೆ ಹೋದಾಗಲೂ ಮೊಬೈಲ್‌ನಲ್ಲೇ ನೋಡಬಹುದು. ಟ್ಯಾಲಿ ಬಿಡಲು ಮನಸ್ಸಿಲ್ಲದವರು ಅದನ್ನೇ ಬಾಡಿಗೆ ಸರ್ವರ್‌ನಲ್ಲಿ ಹಾಕಿಸಿ ಬಳಸುವುದೂ ಉಂಟು.

ಖರ್ಚು ನಿಜಕ್ಕೂ ಕಡಿಮೆಯೇ?

ಮಾರುವವರು ಹೇಳುವಷ್ಟೇನೂ ಸಲೀಸಲ್ಲ. ಉದಾಹರಣೆಗೆ ಒಬ್ಬ ಬಳಕೆದಾರನಿಗೆ ತಿಂಗಳಿಗೆ 300 ರೂಪಾಯಿ ಎಂದುಕೊಳ್ಳಿ. 12 ಜನರಿಗೆ ವರ್ಷಕ್ಕೆ 43,200 ರೂ. ಐದು ವರ್ಷಕ್ಕೆ 2.16 ಲಕ್ಷ ರೂ. ಇದರ ಮೇಲೆ ಶೇ.18 ಜಿಎಸ್‌ಟಿ. ಸಾಮಾನ್ಯ ನೋಂದಣಿ ಇರುವವರಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಸಿಗುತ್ತದೆ. ಆದರೆ ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಅದು ಪೂರ್ತಿ ಖರ್ಚೇ. ಇನ್ನೊಂದು ಕಡೆ ಸ್ವಂತ ಸರ್ವರ್ ಇಟ್ಟರೆ ಯಂತ್ರದ ಬೆಲೆ ಮಾತ್ರವಲ್ಲ, ಯುಪಿಎಸ್ ಬ್ಯಾಟರಿ, ಎಸಿ, ಸರ್ವಿಸ್ ಎಂಜಿನಿಯರ್ ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಎರಡನ್ನೂ ಐದು ವರ್ಷದ ಅವಧಿಗೆ ಹೋಲಿಸಿ ನೋಡುವುದು ಒಳ್ಳೆಯದು.

ಸರ್ವರ್ ಬಾಡಿಗೆಯಲ್ಲಿ ಇನ್ನೊಂದು ಗುಟ್ಟಿದೆ. ಡೇಟಾ ಒಳಗೆ ಹಾಕಲು ಸಾಮಾನ್ಯವಾಗಿ ಶುಲ್ಕವಿಲ್ಲ, ಹೊರಗೆ ತೆಗೆಯಲು ಇದೆ. ಬಳಸದೆ ಚಾಲೂ ಬಿಟ್ಟ ಸರ್ವರ್‌ಗೂ ಬಿಲ್ ಓಡುತ್ತಲೇ ಇರುತ್ತದೆ.

ಕಾನೂನು ಏನು ಹೇಳುತ್ತದೆ?

ಪ್ರೈವೇಟ್ ಲಿಮಿಟೆಡ್ ಆಗಿ ನೋಂದಾಯಿಸಿಕೊಂಡವರು ಇಲ್ಲಿ ಎಚ್ಚರ ವಹಿಸಬೇಕು. ಕಂಪನಿ ಲೆಕ್ಕಪತ್ರ ನಿಯಮಗಳಿಗೆ 2022ರ ಆಗಸ್ಟ್‌ನಲ್ಲಿ ತಂದ ತಿದ್ದುಪಡಿಯಂತೆ, ಎಲೆಕ್ಟ್ರಾನಿಕ್ ಲೆಕ್ಕಪುಸ್ತಕಗಳ ಬ್ಯಾಕಪ್ ಭಾರತದಲ್ಲಿರುವ ಸರ್ವರ್‌ನಲ್ಲಿ ಪ್ರತಿದಿನವೂ ಆಗಬೇಕು. ಮೊದಲು ನಿಯತಕಾಲಿಕವಾಗಿ ಮಾಡಿದರೆ ಸಾಕಿತ್ತು. 2023ರ ಏಪ್ರಿಲ್ 1ರಿಂದ ಕಂಪನಿಗಳ ಅಕೌಂಟಿಂಗ್ ಸಾಫ್ಟ್‌ವೇರ್ ಪ್ರತಿ ಬದಲಾವಣೆಯನ್ನೂ ದಿನಾಂಕ ಸಹಿತ ದಾಖಲಿಸಬೇಕು, ಆ ದಾಖಲೆಯನ್ನು ನಿಲ್ಲಿಸಲು ಆಗಬಾರದು. ಸಾಫ್ಟ್‌ವೇರ್ ಕೊಳ್ಳುವಾಗ ಈ ಎರಡು ಪ್ರಶ್ನೆ ಕೇಳಿ, ಲಿಖಿತ ಉತ್ತರ ಪಡೆಯಿರಿ.

ಸೈಬರ್ ದಾಳಿಯಾದರೆ ಸಿಇಆರ್‌ಟಿ-ಇನ್‌ಗೆ ಆರು ಗಂಟೆಯೊಳಗೆ ತಿಳಿಸಬೇಕು ಎಂಬುದು 2022ರ ಏಪ್ರಿಲ್‌ನ ನಿರ್ದೇಶನ. ಗ್ರಾಹಕರ ಮಾಹಿತಿ ಸೋರಿಕೆಯ ವಿಷಯದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇನ್ನೂ ಕಠಿಣ. ಸೂಕ್ತ ಭದ್ರತೆ ಒದಗಿಸದಿದ್ದರೆ 250 ಕೋಟಿ ರೂ.ವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ಡೇಟಾ ಇರುವುದು ಕ್ಲೌಡ್ ಕಂಪನಿಯ ಬಳಿ ಎಂದರೂ ಕಾಯ್ದೆಯ ಕಣ್ಣಲ್ಲಿ ಹೊಣೆ ನಿಮ್ಮದೇ.

ಕ್ಲೌಡ್ ಇದ್ದರೆ ಎಲ್ಲವೂ ಸುರಕ್ಷಿತವೇ?

ಇಲ್ಲ. 2021ರ ಮಾರ್ಚ್ 10ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಕಟ್ಟಡವೊಂದು ಬೆಂಕಿಗೆ ಆಹುತಿಯಾಯಿತು. ಬೇರೆಡೆ ಬ್ಯಾಕಪ್ ಇಡದಿದ್ದ ಗ್ರಾಹಕರು ಡೇಟಾ ಕಳೆದುಕೊಂಡರು. ನಮ್ಮಲ್ಲೇ 2025ರ ಜುಲೈನಲ್ಲಿ, ಐರೋಪ್ಯ ಒಕ್ಕೂಟದ ನಿರ್ಬಂಧದ ಬೆನ್ನಲ್ಲೇ ಮೈಕ್ರೋಸಾಫ್ಟ್ ನಯಾರಾ ಎನರ್ಜಿಗೆ ಸೇವೆ ನಿಲ್ಲಿಸಿತು. ಕಂಪನಿ ದೆಹಲಿ ಹೈಕೋರ್ಟ್ ಮೆಟ್ಟಿಲೇರಿದ ಬಳಿಕ ಸೇವೆ ಮರಳಿತು. ಅಂಥ ದೊಡ್ಡ ತೈಲ ಕಂಪನಿಗೆ ಕೋರ್ಟಿಗೆ ಹೋಗುವ ಶಕ್ತಿಯಿತ್ತು, ಎಂಟು ಜನರ ವರ್ಕ್‌ಶಾಪ್‌ಗೆ ಅದು ಎಲ್ಲಿಂದ ಬರಬೇಕು?

ಇಷ್ಟು ದೊಡ್ಡ ಘಟನೆಗಳಿಗೆ ಹೋಗದೆಯೂ ತೊಂದರೆ ಬರಬಹುದು. ಕಟ್ಟಡ, ಯಂತ್ರ, ವಿದ್ಯುತ್ ಕಾಯುವುದು ಕ್ಲೌಡ್ ಕಂಪನಿಯ ಕೆಲಸ. ಪಾಸ್‌ವರ್ಡ್ ಯಾರ ಬಳಿ ಇದೆ, ಕೆಲಸ ಬಿಟ್ಟವರ ಲಾಗಿನ್ ಮುಚ್ಚಲಾಗಿದೆಯೇ ಎಂದು ನೋಡುವುದು ಗ್ರಾಹಕರ ಕೆಲಸ. ಡೊಮೈನ್, ಅಡ್ಮಿನ್ ಖಾತೆಗಳನ್ನು ಕಂಪ್ಯೂಟರ್ ರಿಪೇರಿಯವರ ಇ-ಮೇಲ್‌ನಲ್ಲಿ ತೆರೆಸಿಕೊಂಡರೆ ನಾಳೆ ಅವರೊಡನೆ ಮನಸ್ತಾಪವಾದಾಗ ಸ್ವಂತ ಲೆಕ್ಕಕ್ಕೇ ಬೀಗ ಬಿದ್ದೀತು. ಅಡ್ಮಿನ್ ಖಾತೆ ಮಾಲೀಕರ ಹೆಸರಲ್ಲೇ ಇರಲಿ, ಎರಡು ಹಂತದ ದೃಢೀಕರಣವೂ ಇರಲಿ.

ಎಲ್ಲಿಂದ ಶುರು ಮಾಡಬೇಕು?

ಮೊದಲು ಇ-ಮೇಲ್ ಮತ್ತು ಬ್ಯಾಕಪ್, ನಂತರ ಬಿಲ್ಲಿಂಗ್, ಕೊನೆಗೆ ಲೆಕ್ಕಪತ್ರ. ಲೆಕ್ಕವನ್ನು ಮಾರ್ಚ್ ತಿಂಗಳಲ್ಲಂತೂ ಬದಲಿಸಲು ಹೋಗಬೇಡಿ. ಒಂದು ತಿಂಗಳಾದರೂ ಹಳೆಯದು, ಹೊಸದು ಎರಡನ್ನೂ ಜೊತೆಯಾಗಿ ನಡೆಸಿ ತಾಳೆ ನೋಡಿ. ಎರಡನೇ ಇಂಟರ್ನೆಟ್ ಸಂಪರ್ಕ, ಕನಿಷ್ಠ ಮೊಬೈಲ್ ಹಾಟ್‌ಸ್ಪಾಟ್ ಆದರೂ ಕೈಯಲ್ಲಿರಲಿ. ಒಂದು ಪ್ರತಿಯನ್ನು ಬೇರೆ ಕಂಪನಿಯ ಕ್ಲೌಡ್‌ನಲ್ಲೋ ಕಚೇರಿಯ ಹೊರಗಿನ ಹಾರ್ಡ್ ಡಿಸ್ಕ್‌ನಲ್ಲೋ ಇಟ್ಟು, ಮೂರು ತಿಂಗಳಿಗೊಮ್ಮೆ ಅದನ್ನು ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ಹಿಂದಿನ ತಿಂಗಳ ಬಿಲ್ ಸಿಗುತ್ತದೆಯೇ ಎಂದು ಪರೀಕ್ಷಿಸಿ.