ಹೋಟೆಲ್ ಉದ್ಯೋಗವನ್ನು ತೊರೆದು ಬೇರೆ ವೃತ್ತಿಗೆ ಸೇರಲಿಚ್ಛಿಸುವ ಕಾರ್ಮಿಕರಿಗೆ ಮಾಹಿತಿ

1. ಪೀಠಿಕೆ

ಹೋಟೆಲ್, ಉಪಾಹಾರ ಗೃಹ, ವಸತಿ ಗೃಹ ಹಾಗೂ ಖಾನಾವಳಿಗಳಲ್ಲಿ ದುಡಿಯುವ ಅಡುಗೆಯವರು, ಸಪ್ಲೈಯರ್‌ಗಳು, ಕ್ಲೀನರ್‌ಗಳು, ಕ್ಯಾಷಿಯರ್‌ಗಳು ಮತ್ತು ರೂಂ ಬಾಯ್‌ಗಳು ಮುಂಜಾನೆಯಿಂದ ತಡರಾತ್ರಿಯವರೆಗೆ ನಿಂತೇ ಕೆಲಸ ಮಾಡಬೇಕಾದ ಸಂದರ್ಭಗಳು ಹೆಚ್ಚು. ಹಬ್ಬ ಹಾಗೂ ರಜಾ ದಿನಗಳಂದು ಕೆಲಸದ ಒತ್ತಡ ಇಮ್ಮಡಿಯಾಗುತ್ತದೆ. ಬೆನ್ನುನೋವು, ಕಾಲುನೋವು, ನಿದ್ರಾಹೀನತೆ, ಕುಟುಂಬದಿಂದ ದೂರವಿರುವುದು ಮುಂತಾದ ಕಾರಣಗಳಿಂದ ಅನೇಕರು ಕೆಲವು ವರ್ಷಗಳ ನಂತರ ಕಡಿಮೆ ಒತ್ತಡದ ಉದ್ಯೋಗವನ್ನು ಅರಸುತ್ತಾರೆ.

ಬಹಳಷ್ಟು ಮಂದಿ ದಣಿವು ತಾಳಲಾರದೆ ಹೇಳದೆ ಕೇಳದೆ ಊರಿಗೆ ಹೊರಟುಬಿಡುತ್ತಾರೆ. ಇದರಿಂದ ಬಾಕಿ ವೇತನ, ರಜೆಯ ವೇತನ ಮತ್ತು ಉಪದಾನವನ್ನು ಕೇಳಿ ಪಡೆಯುವುದು ಕಷ್ಟವಾಗುತ್ತದೆ. ಅನುಭವ ಪ್ರಮಾಣ ಪತ್ರವೂ ದೊರೆಯುವುದಿಲ್ಲ. ಕೆಲಸ ಬಿಡುವುದರಿಂದ ಅಲ್ಲಿಯವರೆಗೆ ದುಡಿದು ಗಳಿಸಿದ ಹಕ್ಕುಗಳು ಕಳೆದುಹೋಗುವುದಿಲ್ಲ. ಆದರೆ ಅವುಗಳನ್ನು ಕ್ರಮವಾಗಿ ಪಡೆಯಬೇಕು. ಹೊಸ ವೃತ್ತಿಗೆ ಅದೇ ಮೊದಲ ಬಂಡವಾಳ. ಈ ಉದ್ದೇಶಕ್ಕೆ ಅಗತ್ಯವಾದ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

2. ಅನ್ವಯವಾಗುವ ಕಾನೂನುಗಳು

ಹೋಟೆಲ್‌ಗಳು ಕಾರ್ಖಾನೆಯ ವ್ಯಾಖ್ಯೆಗೆ ಒಳಪಡುವುದಿಲ್ಲ. ಕರ್ನಾಟಕದಲ್ಲಿ ಇವುಗಳಿಗೆ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ, 1961 ಅನ್ವಯವಾಗುತ್ತದೆ. ಇದಲ್ಲದೆ ಕೇಂದ್ರ ಸರ್ಕಾರದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಕೆಲಸ ಬಿಡುವ ಕಾರ್ಮಿಕರ ದೃಷ್ಟಿಯಿಂದ ಇವುಗಳಲ್ಲಿ ವೇತನ ಸಂಹಿತೆ, 2019 ಹಾಗೂ ಸಾಮಾಜಿಕ ಭದ್ರತಾ ಸಂಹಿತೆ, 2020 ಮುಖ್ಯವಾದವು.

3. ಕೆಲಸದ ವೇಳೆ: ಮೊದಲು ಪರಿಶೀಲಿಸಬೇಕಾದ ಅಂಶ

ಆಯಾಸಕ್ಕೆ ಕಾರಣ ವೃತ್ತಿಯೋ ಅಥವಾ ನಿಯಮಬಾಹಿರ ಕೆಲಸದ ವೇಳೆಯೋ ಎಂಬುದನ್ನು ಮೊದಲು ತಿಳಿದುಕೊಳ್ಳುವುದು ಸೂಕ್ತ. 1961ರ ಅಧಿನಿಯಮದ ಮುಖ್ಯ ಅಂಶಗಳು ಇಂತಿವೆ:

ಅ) ದಿನಕ್ಕೆ 9 ಗಂಟೆ ಹಾಗೂ ವಾರಕ್ಕೆ 48 ಗಂಟೆಗಳಿಗಿಂತ ಹೆಚ್ಚಿನ ಕೆಲಸವನ್ನು ಹೆಚ್ಚುವರಿ ಕೆಲಸವೆಂದು (ಓವರ್ ಟೈಮ್) ಪರಿಗಣಿಸಿ ಸಾಮಾನ್ಯ ವೇತನದ ಎರಡರಷ್ಟು ದರದಲ್ಲಿ ಹಣ ಪಾವತಿಸತಕ್ಕದ್ದು.

ಆ) ಸತತ 5 ಗಂಟೆ ಕೆಲಸದ ನಂತರ ಕನಿಷ್ಠ 1 ಗಂಟೆ ವಿರಾಮ ನೀಡತಕ್ಕದ್ದು.

ಇ) ವಿರಾಮವೂ ಸೇರಿದಂತೆ ದಿನದ ಕೆಲಸದ ಒಟ್ಟು ಅವಧಿ 12 ಗಂಟೆಗಳನ್ನು ಮೀರತಕ್ಕದ್ದಲ್ಲ.

ಈ) ವಾರಕ್ಕೆ ಒಂದು ಪೂರ್ಣ ದಿನ ರಜೆ ನೀಡತಕ್ಕದ್ದು.

ಹೋಟೆಲ್‌ಗಳಲ್ಲಿ ಬೆಳಿಗ್ಗೆ 6 ಗಂಟೆಯಿಂದ 11 ಗಂಟೆಯವರೆಗೆ ತಿಂಡಿಯ ಕೆಲಸ, ಪುನಃ ಸಂಜೆ 5 ಗಂಟೆಯಿಂದ ರಾತ್ರಿ 10 ಗಂಟೆಯವರೆಗೆ ಊಟದ ಕೆಲಸ ಎಂದು ಪಾಳಿಯನ್ನು ಒಡೆಯುವ ರೂಢಿಯುಂಟು. ಇದರಲ್ಲಿ ಕೆಲಸ 10 ಗಂಟೆಯಷ್ಟೇ ಎಂದು ಕಂಡರೂ ಆರಂಭದಿಂದ ಮುಕ್ತಾಯದವರೆಗಿನ ಅವಧಿ 16 ಗಂಟೆಯಾಗುತ್ತದೆ. ಇದು ಮೇಲ್ಕಂಡ (ಇ) ಅಂಶಕ್ಕೆ ವಿರುದ್ಧವಾಗಿದ್ದು, ಕಾರ್ಮಿಕ ನಿರೀಕ್ಷಕರಿಗೆ ದೂರು ಸಲ್ಲಿಸಬಹುದು. ಉದ್ಯೋಗದಲ್ಲಿ ಮುಂದುವರಿಯುವವರಿಗೂ ಈ ಅವಕಾಶವಿದೆ.

4. ಕೆಲಸ ಬಿಡುವ ಮೊದಲು ಅನುಸರಿಸಬೇಕಾದ ಕ್ರಮ

(1) ರಾಜೀನಾಮೆಯನ್ನು ಲಿಖಿತವಾಗಿ ನೀಡಬೇಕು. ಎರಡು ಪ್ರತಿಗಳನ್ನು ಸಿದ್ಧಪಡಿಸಿ, ಒಂದರ ಮೇಲೆ ದಿನಾಂಕ ಸಹಿತ ಸ್ವೀಕೃತಿ ಪಡೆಯಬೇಕು. ಮಾಲೀಕರು ಸ್ವೀಕರಿಸಲು ನಿರಾಕರಿಸಿದಲ್ಲಿ ಅಂಚೆಯ ಮೂಲಕ ಕಳುಹಿಸಿ ರಸೀದಿಯನ್ನು ಇಟ್ಟುಕೊಳ್ಳಬೇಕು.

(2) ನೇಮಕಾತಿ ಪತ್ರದಲ್ಲಿ ಸೂಚನಾ ಅವಧಿಯನ್ನು ನಮೂದಿಸಿದ್ದಲ್ಲಿ ಅದನ್ನು ಪಾಲಿಸಬೇಕು.

(3) ವೇತನ ಚೀಟಿ, ಗುರುತಿನ ಚೀಟಿ, ಬ್ಯಾಂಕ್ ಪಾಸ್ ಪುಸ್ತಕದ ಪ್ರತಿ, ಭವಿಷ್ಯ ನಿಧಿಯ ಯು.ಎ.ಎನ್. ಸಂಖ್ಯೆ ಮತ್ತು ಇ.ಎಸ್.ಐ. ವಿಮಾ ಸಂಖ್ಯೆಯನ್ನು ಕೆಲಸದಲ್ಲಿರುವಾಗಲೇ ಸಂಗ್ರಹಿಸಬೇಕು.

(4) ಅಂಕಪಟ್ಟಿ ಅಥವಾ ಆಧಾರ್ ಚೀಟಿಯ ಮೂಲ ಪ್ರತಿಯನ್ನು ಮಾಲೀಕರ ಬಳಿ ನೀಡಿದ್ದಲ್ಲಿ ಹಿಂದಕ್ಕೆ ಪಡೆಯಬೇಕು.

(5) ಸೇವೆಯ ಅವಧಿ ಹಾಗೂ ನಿರ್ವಹಿಸಿದ ಹುದ್ದೆಯನ್ನು ತಿಳಿಸುವ ಅನುಭವ ಪ್ರಮಾಣ ಪತ್ರವನ್ನು ಕೋರಬೇಕು.

5. ಕಾರ್ಮಿಕರಿಗೆ ಸಲ್ಲಬೇಕಾದ ಮೊಬಲಗುಗಳು

5.1 ಬಾಕಿ ವೇತನ: ವೇತನ ಸಂಹಿತೆಯಂತೆ ರಾಜೀನಾಮೆ ನೀಡಿದ ಅಥವಾ ಕೆಲಸದಿಂದ ತೆಗೆಯಲ್ಪಟ್ಟ ಕಾರ್ಮಿಕರಿಗೆ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಪಾವತಿಸತಕ್ಕದ್ದು. ಊಟ, ವಸತಿ, ಮುಂಗಡ ಇತ್ಯಾದಿ ಎಲ್ಲ ಕಡಿತಗಳು ಸೇರಿ ಆ ಅವಧಿಯ ವೇತನದ ಶೇಕಡಾ 50ನ್ನು ಮೀರುವಂತಿಲ್ಲ.

5.2 ರಜೆಯ ವೇತನ: ಪ್ರತಿ 20 ದಿನಗಳ ಕೆಲಸಕ್ಕೆ 1 ದಿನದಂತೆ ಗಳಿಕೆ ರಜೆ ಲೆಕ್ಕವಾಗುತ್ತದೆ. ಬಳಸದೆ ಉಳಿದ ರಜೆಗೆ ವೇತನವನ್ನು ಕೋರಬಹುದು.

5.3 ಬೋನಸ್: 20 ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಯಲ್ಲಿ ಲೆಕ್ಕ ವರ್ಷದಲ್ಲಿ ಕನಿಷ್ಠ 30 ದಿನ ಕೆಲಸ ಮಾಡಿರುವ, ನಿಗದಿತ ವೇತನ ಮಿತಿಯೊಳಗಿನ ಕಾರ್ಮಿಕರು ಬೋನಸ್‌ಗೆ ಅರ್ಹರು. ಕನಿಷ್ಠ ದರ ಶೇಕಡಾ 8.33. ವರ್ಷದ ನಡುವೆ ಕೆಲಸ ಬಿಟ್ಟವರಿಗೂ ಅವರು ದುಡಿದ ಅವಧಿಯ ಮಟ್ಟಿಗೆ ಇದು ಸಲ್ಲುತ್ತದೆ.

5.4 ಉಪದಾನ (ಗ್ರಾಚ್ಯುಟಿ): 10 ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಯಲ್ಲಿ ಸತತ 5 ವರ್ಷ ಸೇವೆ ಪೂರೈಸಿದವರು ಉಪದಾನಕ್ಕೆ ಅರ್ಹರು. ನಿಗದಿತ ಅವಧಿಯ ಗುತ್ತಿಗೆ ನೌಕರರಿಗೆ ಈ 5 ವರ್ಷದ ಷರತ್ತು ಇರುವುದಿಲ್ಲ. ಅಪಘಾತ ಅಥವಾ ಕಾಯಿಲೆಯಿಂದ ಅಂಗವಿಕಲತೆ ಉಂಟಾಗಿ ಕೆಲಸ ಬಿಡಬೇಕಾಗಿ ಬಂದವರಿಗೂ ಈ ಷರತ್ತು ಅನ್ವಯಿಸುವುದಿಲ್ಲ.

ಲೆಕ್ಕ ಮಾಡುವ ವಿಧಾನ: ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವಾ ವರ್ಷಗಳಿಂದ ಗುಣಿಸಬೇಕು. ಕೊನೆಯ ವರ್ಷದಲ್ಲಿ ಆರು ತಿಂಗಳಿಗೆ ಮೀರಿದ ಅವಧಿಯನ್ನು ಒಂದು ಪೂರ್ಣ ವರ್ಷವೆಂದು ಪರಿಗಣಿಸಲಾಗುವುದು.

ಉದಾಹರಣೆ: ವೇತನ ರೂ. 15,600; ಸೇವೆ 8 ವರ್ಷ.
15,600 ÷ 26 = ರೂ. 600 (ಒಂದು ದಿನಕ್ಕೆ)
600 × 15 = ರೂ. 9,000 (ಒಂದು ವರ್ಷಕ್ಕೆ)
9,000 × 8 = ರೂ. 72,000

ಇದೇ ವೇತನದಲ್ಲಿ 5 ವರ್ಷ ಪೂರೈಸಿದವರಿಗೆ ರೂ. 45,000 ದೊರೆಯುತ್ತದೆ. ಆದ್ದರಿಂದ 5 ವರ್ಷ ತುಂಬಲು ಕೆಲವೇ ವಾರಗಳಿರುವವರು ಆರೋಗ್ಯ ಅನುಮತಿಸಿದಲ್ಲಿ ದಿನಾಂಕವನ್ನು ನೋಡಿಕೊಂಡು ರಾಜೀನಾಮೆ ನೀಡುವುದು ಲಾಭದಾಯಕ. ಉಪದಾನವನ್ನು 30 ದಿನಗಳೊಳಗೆ ಪಾವತಿಸತಕ್ಕದ್ದು. ವಿಳಂಬವಾದಲ್ಲಿ ಬಡ್ಡಿ ಸೇರಿಸಿ ಪಾವತಿಸತಕ್ಕದ್ದು.

5.5 ಭವಿಷ್ಯ ನಿಧಿ: ಕೆಲಸ ಬದಲಿಸಿದಾಗ ಹಣವನ್ನು ಹಿಂಪಡೆಯುವುದಕ್ಕಿಂತ ಅದೇ ಯು.ಎ.ಎನ್. ಸಂಖ್ಯೆಯಡಿ ಹೊಸ ಸಂಸ್ಥೆಗೆ ವರ್ಗಾಯಿಸುವುದು ಹಿತಕರ. ಪಿಂಚಣಿ ಪಡೆಯಲು ಒಟ್ಟು 10 ವರ್ಷಗಳ ಅರ್ಹ ಸೇವೆ ಅಗತ್ಯ. ಹೋಟೆಲ್‌ನಲ್ಲಿ 6 ವರ್ಷ ದುಡಿದವರು ಪಿಂಚಣಿಯ ಹಣವನ್ನು ಹಿಂಪಡೆದರೆ ಆ 6 ವರ್ಷಗಳು ಲೆಕ್ಕದಿಂದ ಬಿಟ್ಟುಹೋಗುತ್ತವೆ. ವರ್ಗಾಯಿಸಿದರೆ ಹೊಸ ಉದ್ಯೋಗದ 4 ವರ್ಷಗಳೊಂದಿಗೆ ಸೇರಿ 10 ವರ್ಷವಾಗುತ್ತದೆ.

5.6 ಇ.ಎಸ್.ಐ.: ತಿಂಗಳಿಗೆ ರೂ. 21,000 ವೇತನದವರೆಗಿನ ಕಾರ್ಮಿಕರ ವಂತಿಗೆ ಶೇಕಡಾ 0.75, ಮಾಲೀಕರ ವಂತಿಗೆ ಶೇಕಡಾ 3.25. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ವಂತಿಗೆಗೆ ಮುಂದಿನ ಜನವರಿಯಿಂದ ಜೂನ್‌ವರೆಗೆ, ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ವಂತಿಗೆಗೆ ಜುಲೈನಿಂದ ಡಿಸೆಂಬರ್‌ವರೆಗೆ ಸೌಲಭ್ಯದ ಅವಧಿ ಇರುತ್ತದೆ. ಆದಕಾರಣ ಕೆಲಸ ಬಿಟ್ಟ ಮರುದಿನವೇ ಚಿಕಿತ್ಸೆಯ ಹಕ್ಕು ಕೊನೆಗೊಂಡಿತೆಂದು ಭಾವಿಸದೆ, ಸಂಬಂಧಪಟ್ಟ ಶಾಖಾ ಕಛೇರಿಯಲ್ಲಿ ವಿಚಾರಿಸಬೇಕು. ಬಿಸಿ ಎಣ್ಣೆ ಬಿದ್ದು ಸುಟ್ಟ ಗಾಯ, ಜಾರಿ ಬಿದ್ದು ಮೂಳೆ ಮುರಿತ ಇತ್ಯಾದಿ ಕೆಲಸದ ವೇಳೆಯ ಗಾಯಗಳನ್ನು ಅಪಘಾತ ವಹಿಯಲ್ಲಿ ದಾಖಲಿಸಿಕೊಳ್ಳುವುದು ಅತಿ ಮುಖ್ಯ.

6. ಹೊಸ ಉದ್ಯೋಗದ ವೇತನವನ್ನು ಹೋಲಿಸುವ ಬಗೆ

ಹೋಟೆಲ್ ಕಾರ್ಮಿಕರಲ್ಲಿ ಅನೇಕರಿಗೆ ಊಟ ಮತ್ತು ವಸತಿ ಕೆಲಸದ ಸ್ಥಳದಲ್ಲಿಯೇ ದೊರೆಯುತ್ತದೆ. ಕೆಲಸ ಬಿಟ್ಟ ದಿನವೇ ಇವೆರಡೂ ನಿಲ್ಲುತ್ತವೆ. ಹೊಸ ಉದ್ಯೋಗಕ್ಕೆ ಸೇರಿದವರು ಕೆಲವೇ ವಾರಗಳಲ್ಲಿ ಮರಳಿ ಹೋಟೆಲ್‌ಗೆ ಬರುವಂತಾಗಲು ಇದೂ ಒಂದು ಕಾರಣ. ಆದ್ದರಿಂದ ನಗದು ವೇತನವನ್ನು ಮಾತ್ರ ಹೋಲಿಸಬಾರದು. ಕೆಳಗಿನ ಲೆಕ್ಕ ಕೇವಲ ಉದಾಹರಣೆಗಾಗಿ:

ಹೋಟೆಲ್: ನಗದು ರೂ. 16,000 + ಊಟ, ವಸತಿಯ ಮೌಲ್ಯ ರೂ. 7,000 = ರೂ. 23,000. ಕೆಲಸ ದಿನಕ್ಕೆ 12 ಗಂಟೆಯಂತೆ 28 ದಿನ, ಒಟ್ಟು 336 ಗಂಟೆ. ಗಂಟೆಗೆ ಸುಮಾರು ರೂ. 68.

ಹೊಸ ಉದ್ಯೋಗ: ನಗದು ರೂ. 19,000. ಕೆಲಸ ದಿನಕ್ಕೆ 8 ಗಂಟೆಯಂತೆ 26 ದಿನ, ಒಟ್ಟು 208 ಗಂಟೆ. ಗಂಟೆಗೆ ಸುಮಾರು ರೂ. 91.

ದುಡಿಮೆಯ ಬೆಲೆ ಹೆಚ್ಚಾದರೂ ತಿಂಗಳ ಒಟ್ಟು ಆದಾಯದಲ್ಲಿ ರೂ. 4,000 ಕೊರತೆ ಇರುವುದು ಇದರಿಂದ ತಿಳಿಯುತ್ತದೆ. ಊರಿಗೆ ಹಣ ಕಳುಹಿಸುವವರು ಈ ಕೊರತೆಯನ್ನು ಮುಂಚಿತವಾಗಿ ಕುಟುಂಬದವರಿಗೆ ತಿಳಿಸಿ, ಕನಿಷ್ಠ ಮೂರು ತಿಂಗಳ ಬಾಡಿಗೆ ಹಾಗೂ ಊಟದ ವೆಚ್ಚವನ್ನು ಕೈಯಲ್ಲಿಟ್ಟುಕೊಳ್ಳುವುದು ಒಳಿತು. ಅರ್ಹ ಪಡಿತರ ಚೀಟಿ ಹೊಂದಿರುವವರು ಒಂದು ರಾಷ್ಟ್ರ ಒಂದು ಪಡಿತರ ಚೀಟಿ ವ್ಯವಸ್ಥೆಯಡಿ ತಾವಿರುವ ಊರಿನ ನ್ಯಾಯಬೆಲೆ ಅಂಗಡಿಯಲ್ಲಿಯೇ ಧಾನ್ಯ ಪಡೆಯಬಹುದು.

7. ಅನುಭವಕ್ಕೆ ಹೊಂದುವ ಉದ್ಯೋಗಗಳು

ಹೋಟೆಲ್ ಕೆಲಸದಲ್ಲಿ ಕಲಿತ ಕೌಶಲ್ಯ ಬೇರೆಡೆಯೂ ಉಪಯುಕ್ತವಾಗಿರುತ್ತದೆ.

ಅಡುಗೆಯವರು: ಕಾರ್ಖಾನೆ ಹಾಗೂ ಕಛೇರಿಗಳ ಕ್ಯಾಂಟೀನ್, ಆಸ್ಪತ್ರೆಯ ಅಡುಗೆಮನೆ, ವಿದ್ಯಾರ್ಥಿನಿಲಯಗಳು. ಇಲ್ಲಿ ಊಟ ಮಾಡುವವರ ಸಂಖ್ಯೆ ಹಾಗೂ ವೇಳೆ ಮೊದಲೇ ನಿಗದಿಯಾಗಿರುವುದರಿಂದ ಒತ್ತಡ ಕಡಿಮೆ.

ಸಪ್ಲೈಯರ್ ಮತ್ತು ಸ್ವಾಗತ ವಿಭಾಗದವರು: ಚಿಲ್ಲರೆ ಮಾರಾಟ ಮಳಿಗೆ, ಆಸ್ಪತ್ರೆಯ ವಿಚಾರಣಾ ವಿಭಾಗ. ಗ್ರಾಹಕರೊಂದಿಗೆ ತಾಳ್ಮೆಯಿಂದ ವ್ಯವಹರಿಸುವುದು ಹಾಗೂ ಹಲವು ಭಾಷೆಗಳ ಪರಿಚಯ ಇಲ್ಲಿ ಅರ್ಹತೆಯೆನಿಸುತ್ತದೆ.

ಕ್ಯಾಷಿಯರ್ ಮತ್ತು ಉಗ್ರಾಣದವರು: ಗೋದಾಮು, ಸಹಕಾರ ಸಂಘ, ಸಗಟು ಅಂಗಡಿಗಳ ಲೆಕ್ಕ ಸಹಾಯಕ ಹುದ್ದೆ. ಗಣಕಯಂತ್ರದಲ್ಲಿ ಲೆಕ್ಕ ಬರೆಯುವ ತರಬೇತಿ ಪಡೆದಲ್ಲಿ ಅವಕಾಶ ಹೆಚ್ಚು.

ಕ್ಲೀನರ್ ಮತ್ತು ರೂಂ ಬಾಯ್: ಆಸ್ಪತ್ರೆ, ಕಛೇರಿ ಹಾಗೂ ವಸತಿ ಸಮುಚ್ಚಯಗಳ ನಿರ್ವಹಣೆ.

8. ತರಬೇತಿ, ಶಿಕ್ಷಣ ಮತ್ತು ಸಾಲ ಸೌಲಭ್ಯ

8.1 ತರಬೇತಿ: ಬ್ಯಾಂಕುಗಳು ಜಿಲ್ಲೆಗಳಲ್ಲಿ ನಡೆಸುವ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಮುಖ್ಯವಾಗಿ ಗ್ರಾಮೀಣ ನಿರುದ್ಯೋಗಿಗಳಿಗೆ ಅಲ್ಪಾವಧಿಯ ತರಬೇತಿಯನ್ನು ಊಟ, ವಸತಿ ಸಹಿತ ಉಚಿತವಾಗಿ ನೀಡಲಾಗುತ್ತದೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಇವುಗಳಿಗೆ ಮಾದರಿ. ಕೆಲಸದೊಂದಿಗೆ ವಸತಿಯನ್ನೂ ಕಳೆದುಕೊಂಡವರಿಗೆ ಈ ವ್ಯವಸ್ಥೆ ವಿಶೇಷವಾಗಿ ಅನುಕೂಲಕರ. ಹೈನುಗಾರಿಕೆ, ಮೊಬೈಲ್ ದುರಸ್ತಿ, ವಿದ್ಯುತ್ ಮೋಟಾರ್ ದುರಸ್ತಿ, ಹೊಲಿಗೆ ಮುಂತಾದ ವಿಷಯಗಳಲ್ಲಿ ತರಬೇತಿ ಇರುತ್ತದೆ. ಇತರ ತರಬೇತಿಗಳಿಗೆ ಜಿಲ್ಲಾ ಕೌಶಲ್ಯಾಭಿವೃದ್ಧಿ ಕಛೇರಿಯನ್ನು ಸಂಪರ್ಕಿಸಬಹುದು.

8.2 ಶಿಕ್ಷಣ: ಅರ್ಧಕ್ಕೆ ಶಾಲೆ ಬಿಟ್ಟು ಹೋಟೆಲ್ ಸೇರಿದವರು ಖಾಸಗಿ ಅಭ್ಯರ್ಥಿಯಾಗಿ ಎಸ್.ಎಸ್.ಎಲ್.ಸಿ. ಪರೀಕ್ಷೆ ಬರೆಯಬಹುದು ಅಥವಾ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಕಲಿಯಬಹುದು. ಪದವಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿದೆ. ಹಿಂದೆ ಕರಾವಳಿಯಿಂದ ಮುಂಬಯಿಗೆ ಹೋಗಿ ಹಗಲು ಹೋಟೆಲ್‌ಗಳಲ್ಲಿ ದುಡಿದು, ಅಲ್ಲಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದ ಎಷ್ಟೋ ಮಂದಿ ಬ್ಯಾಂಕ್ ನೌಕರರೂ ವಕೀಲರೂ ಉದ್ಯಮಿಗಳೂ ಆದರು. ಕೆಲಸ ಬಿಡುವ ಮೊದಲೇ ಓದು ಆರಂಭಿಸಬಹುದೆಂಬುದಕ್ಕೆ ಇದು ನಿದರ್ಶನ.

8.3 ಸ್ವಂತ ಉದ್ಯೋಗ: ಪ್ರಧಾನ ಮಂತ್ರಿ ಮುದ್ರಾ ಯೋಜನೆಯಡಿ ಶಿಶು ವರ್ಗದಲ್ಲಿ ರೂ. 50,000ವರೆಗೆ, ಕಿಶೋರ ವರ್ಗದಲ್ಲಿ ರೂ. 5 ಲಕ್ಷದವರೆಗೆ ಬ್ಯಾಂಕ್ ಸಾಲ ಪಡೆಯಲು ಅವಕಾಶವಿದೆ. ನಗರ ಪ್ರದೇಶದ ಬೀದಿ ಬದಿ ವ್ಯಾಪಾರಿಗಳಿಗೆ ಪ್ರಧಾನ ಮಂತ್ರಿ ಸ್ವನಿಧಿ ಯೋಜನೆಯಡಿ ಮೊದಲ ಕಂತಿನಲ್ಲಿ ರೂ. 15,000ವರೆಗೆ, ಕ್ರಮವಾಗಿ ಮರುಪಾವತಿಸಿದಲ್ಲಿ ಎರಡನೆಯ ಕಂತಿನಲ್ಲಿ ರೂ. 25,000ವರೆಗೆ ಹಾಗೂ ಮೂರನೆಯ ಕಂತಿನಲ್ಲಿ ರೂ. 50,000ವರೆಗೆ ಸಾಲ ದೊರೆಯುತ್ತದೆ. ಸ್ವಂತ ತಿಂಡಿ ಅಂಗಡಿ ತೆರೆಯುವವರು, ಅದರಲ್ಲಿಯೂ ಮುಂಜಾನೆಯ ದುಡಿಮೆ ತಪ್ಪುವುದಿಲ್ಲವೆಂಬುದನ್ನು ಗಮನಿಸಬೇಕು. ವಿಶ್ರಾಂತಿಯೇ ಮುಖ್ಯ ಉದ್ದೇಶವಾಗಿದ್ದಲ್ಲಿ ಬೇರೆ ಉದ್ಯೋಗವನ್ನು ಆಯ್ದುಕೊಳ್ಳುವುದು ಸೂಕ್ತ.

9. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮುಂಗಡ ಹಣ ತೀರುವವರೆಗೆ ಕೆಲಸ ಬಿಡುವಂತಿಲ್ಲ ಎಂದು ಮಾಲೀಕರು ತಡೆಯಬಹುದೇ?
ಉತ್ತರ: ಇಲ್ಲ. ಮುಂಗಡದ ಕಾರಣಕ್ಕೆ ಬಲವಂತದಿಂದ ದುಡಿಸುವುದು ಜೀತ ಪದ್ಧತಿ (ರದ್ದತಿ) ಅಧಿನಿಯಮ, 1976ರಡಿ ಅಪರಾಧವಾಗಿದೆ. ಇಂತಹ ಸಂದರ್ಭದಲ್ಲಿ ತಹಶೀಲ್ದಾರರಿಗೆ ಅಥವಾ ಜಿಲ್ಲಾಧಿಕಾರಿಗಳಿಗೆ ದೂರು ನೀಡಬಹುದು.

ಪ್ರಶ್ನೆ: ನೇಮಕಾತಿ ಪತ್ರವಾಗಲಿ ವೇತನ ಚೀಟಿಯಾಗಲಿ ಇಲ್ಲದಿದ್ದಲ್ಲಿ ಏನು ಮಾಡಬೇಕು?
ಉತ್ತರ: ಬ್ಯಾಂಕ್ ಖಾತೆಗೆ ವೇತನ ಜಮೆಯಾದ ವಿವರ, ಗುರುತಿನ ಚೀಟಿ, ಹಾಜರಿ ಪುಸ್ತಕದ ಛಾಯಾಚಿತ್ರ, ಸಹೋದ್ಯೋಗಿಗಳ ಹೇಳಿಕೆ ಮುಂತಾದವುಗಳನ್ನು ಸಾಕ್ಷ್ಯವಾಗಿ ಹಾಜರುಪಡಿಸಬಹುದು.

ಪ್ರಶ್ನೆ: ಬಾಕಿ ವೇತನಕ್ಕೆ ಎಷ್ಟು ಕಾಲದೊಳಗೆ ಅರ್ಜಿ ಸಲ್ಲಿಸಬೇಕು?
ಉತ್ತರ: ವೇತನ ಸಂಹಿತೆಯಂತೆ ಮೂರು ವರ್ಷಗಳೊಳಗೆ ಸಲ್ಲಿಸಬಹುದು. ಆದರೆ ದಾಖಲೆ ಹಾಗೂ ಸಾಕ್ಷಿಗಳು ಲಭ್ಯವಿರುವಾಗಲೇ ಸಲ್ಲಿಸುವುದು ಉತ್ತಮ.

ಪ್ರಶ್ನೆ: ಸೂಚನೆ ನೀಡದೆ ಮಾಲೀಕರೇ ಕೆಲಸದಿಂದ ತೆಗೆದರೆ?
ಉತ್ತರ: ಸತತ ಆರು ತಿಂಗಳ ಸೇವೆ ಪೂರೈಸಿದವರನ್ನು ಸಕಾರಣವಿಲ್ಲದೆ ಹಾಗೂ ಒಂದು ತಿಂಗಳ ಸೂಚನೆ ಅಥವಾ ಅದರ ಬದಲಿಗೆ ವೇತನ ನೀಡದೆ ತೆಗೆಯುವಂತಿಲ್ಲ.

10. ಸಂಪರ್ಕಿಸಬೇಕಾದ ಕಛೇರಿಗಳು

ಬಾಕಿ ವೇತನ, ರಜೆ, ಕೆಲಸದ ವೇಳೆ: ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಅಥವಾ ಜಿಲ್ಲೆಯ ಕಾರ್ಮಿಕ ಅಧಿಕಾರಿಗಳ ಕಛೇರಿ.
ಉಪದಾನ: ಸಹಾಯಕ ಕಾರ್ಮಿಕ ಆಯುಕ್ತರ ಕಛೇರಿ.
ಭವಿಷ್ಯ ನಿಧಿ ಹಾಗೂ ಪಿಂಚಣಿ: ಭವಿಷ್ಯ ನಿಧಿ ಸಂಘಟನೆಯ ಪ್ರಾದೇಶಿಕ ಕಛೇರಿ.
ಚಿಕಿತ್ಸೆ ಹಾಗೂ ಕೆಲಸದ ವೇಳೆಯ ಗಾಯ: ಇ.ಎಸ್.ಐ. ನಿಗಮದ ಶಾಖಾ ಕಛೇರಿ.

ಅರ್ಜಿಯಲ್ಲಿ ಕಾರ್ಮಿಕರ ಹೆಸರು, ಸಂಸ್ಥೆಯ ಹೆಸರು ಹಾಗೂ ವಿಳಾಸ, ಸೇವೆಗೆ ಸೇರಿದ ಮತ್ತು ಬಿಟ್ಟ ದಿನಾಂಕ, ಕೊನೆಯ ವೇತನ, ಬಾಕಿ ಮೊಬಲಗಿನ ವಿವರಗಳನ್ನು ಸ್ಪಷ್ಟವಾಗಿ ನಮೂದಿಸಿ, ರಾಜೀನಾಮೆಯ ಸ್ವೀಕೃತಿ ಪ್ರತಿಯನ್ನು ಲಗತ್ತಿಸಬೇಕು. ಓದು ಬರಹ ಬಾರದವರು ಕುಟುಂಬದವರ ಅಥವಾ ಕಾರ್ಮಿಕ ಸಂಘದ ನೆರವಿನಿಂದ ಅರ್ಜಿ ಸಿದ್ಧಪಡಿಸಿ ಹೆಬ್ಬೆಟ್ಟಿನ ಗುರುತು ಹಾಕಿ ಸಲ್ಲಿಸಬಹುದು.

ಸೂಚನೆ: ಕನಿಷ್ಠ ವೇತನದ ದರಗಳು ಹಾಗೂ ಯೋಜನೆಗಳ ಷರತ್ತುಗಳು ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳುತ್ತವೆ. ಅರ್ಜಿ ಸಲ್ಲಿಸುವ ಮುನ್ನ ಸಂಬಂಧಪಟ್ಟ ಕಛೇರಿಯಲ್ಲಿ ಚಾಲ್ತಿಯಲ್ಲಿರುವ ದರ ಹಾಗೂ ನಿಯಮಗಳನ್ನು ಖಚಿತಪಡಿಸಿಕೊಳ್ಳಲು ಕೋರಲಾಗಿದೆ.