ಚಾದರದ ಊರಿನ ಡಾಕ್ಟರು

ನಮ್ಮ ಅಂಗಡಿಯಲ್ಲಿ ಸೊಲ್ಲಾಪುರ ಎಂದರೆ ಚಾದರ. ಉಪ್ಪ ಕಟ್ಟು ಬಿಚ್ಚುವಾಗ ಕಂಡ ಹೆಸರು, ಅಷ್ಟೇ. ಅಲ್ಲಿಂದ ಅಕ್ಕಲಕೋಟೆಯವರೆಗೆ ಕನ್ನಡ ಮಾತಾಡುವವರು ಬೇಕಾದಷ್ಟಿದ್ದಾರೆ ಎಂದು ತಿಳಿದದ್ದೂ ಆಮೇಲೆ. ಈಗ ಜುಮಾ ಮುಗಿದ ಮೇಲೆ ಯಾರಾದರೂ, "ಎಲ್ಲಿಯದೋ ಯುದ್ಧ, ನಮ್ಮ ನೂರು ರೂಪಾಯಿಯಿಂದ ಏನಾದೀತು?" ಎಂದು ಕೇಳಿದರೆ ನನಗೆ ಆ ಊರಿನ ಒಬ್ಬ ಡಾಕ್ಟರು ನೆನಪಾಗುತ್ತಾರೆ.

ದ್ವಾರಕಾನಾಥ ಕೋಟ್ನಿಸ್ ಹುಟ್ಟಿದ್ದು 1910ರ ಅಕ್ಟೋಬರ್ 10ರಂದು, ಸೊಲ್ಲಾಪುರದಲ್ಲಿ. ಬಂದೂಕಿನ ಆಳ್ವಿಕೆ ಹೇಗಿರುತ್ತದೆಂದು ಆ ಊರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. 1930ರ ಮೇ ತಿಂಗಳಲ್ಲಿ ಬ್ರಿಟಿಷರು ಅಲ್ಲಿ ಮಾರ್ಷಲ್ ಲಾ ಹೇರಿದ್ದರು. 1931ರ ಜನವರಿ 12ರಂದು ಊರಿನ ನಾಲ್ವರನ್ನು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು: ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ. ಇವತ್ತಿನ ದಿನಗಳಲ್ಲಿ ಈ ನಾಲ್ಕು ಹೆಸರುಗಳನ್ನು ಮಕ್ಕಳಿಗೆ ಒಟ್ಟಿಗೇ ಹೇಳಿಕೊಡಬೇಕು.

1937ರಲ್ಲಿ ಜಪಾನ್ ಚೀನಾದ ಮೇಲೆ ಬಿತ್ತು. ಚೀನಾದ ಸೇನಾನಿ ಝು ದೆ ನೆಹರೂ ಅವರಿಗೆ ಪತ್ರ ಬರೆದು ಡಾಕ್ಟರುಗಳನ್ನು ಕೇಳಿದರು. ಕಳಿಸಲು ನಮ್ಮದೆಂಬ ಸರಕಾರವೇ ಇರಲಿಲ್ಲ. ಆಗ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷ್‌ಚಂದ್ರ ಬೋಸರು 1938ರಲ್ಲಿ ಜನರ ಮುಂದೆ ಕೈಯೊಡ್ಡಿದರು. ಕೂಡಿದ್ದು ಸುಮಾರು 22 ಸಾವಿರ ರೂಪಾಯಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಟಲ್, ಚೋಲ್ಕರ್, ಬಸು, ಮುಖರ್ಜಿ ಅವರೊಂದಿಗೆ ಕೋಟ್ನಿಸರೂ ಮುಂಬೈಯಿಂದ ಹಡಗು ಹತ್ತಿದರು.

ಉಳಿದ ನಾಲ್ವರು ಮರಳಿದರು. ಇವರು ಮರಳಲಿಲ್ಲ. ಅಲ್ಲಿರುವಾಗಲೇ ತಂದೆ ತೀರಿಕೊಂಡರು. ಆಗಲೂ ಊರಿಗೆ ಬರಲಿಲ್ಲ. ಇದನ್ನು ನಾನು ಸುಲಭವಾಗಿ ಹೊಗಳಲಾರೆ, ನನಗೂ ಉಪ್ಪ ಇದ್ದಾರೆ. ಅವರು ಚೀನೀ ಭಾಷೆ ಕಲಿತರು, ಅದರಲ್ಲೇ ಪಾಠ ಹೇಳಿದರು. 1940ರ ಒಂದು ಕಾಳಗದಲ್ಲಿ 72 ಗಂಟೆ ಬಿಡುವಿಲ್ಲದೆ ಶಸ್ತ್ರಚಿಕಿತ್ಸೆ ಮಾಡಿದರೆನ್ನುತ್ತಾರೆ. ಕೆನಡಾದ ಡಾಕ್ಟರ್ ಬೆಥೂನ್ ಆಪರೇಷನ್ ಮಾಡುವಾಗ ಬೆರಳು ಕೊಯ್ದುಕೊಂಡು, ಅದು ನಂಜಾಗಿ 1939ರಲ್ಲಿ ಸತ್ತಿದ್ದರು. ಅವರ ಹೆಸರಿನ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಗೆ 1941ರಲ್ಲಿ ಕೋಟ್ನಿಸ್ ಮುಖ್ಯಸ್ಥರಾದರು. ಅದೇ ವರ್ಷ ಗುವೊ ಚಿಂಗ್‌ಲಾನ್ ಎಂಬವರನ್ನು ಮದುವೆಯಾದರು. ಮಗನಿಗೆ ಇಟ್ಟ ಹೆಸರು ಯಿನ್‌ಹುವಾ: ಯಿನ್ ಎಂದರೆ ಭಾರತ, ಹುವಾ ಎಂದರೆ ಚೀನಾ. ಆ ಮಗುವಿಗೆ ನಾಲ್ಕು ತಿಂಗಳೂ ತುಂಬಿರಲಿಲ್ಲ, 1942ರ ಡಿಸೆಂಬರ್ 9ರಂದು ಅಪಸ್ಮಾರದಿಂದ ಕೋಟ್ನಿಸ್ ತೀರಿಕೊಂಡರು. ವಯಸ್ಸು 32.

ಶಾಂತಿ ಆಸ್ಪತ್ರೆ ಎಂದು ಬೋರ್ಡು ಹಾಕಿದ ಮಾತ್ರಕ್ಕೆ ಯುದ್ಧ ನಿಲ್ಲಲಿಲ್ಲ. ಜಪಾನ್ ಸೋತದ್ದು 1945ರಲ್ಲಿ, ನಮ್ಮ 22 ಸಾವಿರದಿಂದಲ್ಲ. 1962ರಲ್ಲಿ ಭಾರತವೂ ಚೀನಾವೂ ತಾವೇ ಬಡಿದಾಡಿಕೊಂಡವು. ಆದರೂ ಮಾತು ಮತ್ತೆ ಶುರುವಾದಾಗೆಲ್ಲ ಎರಡೂ ಕಡೆಯವರು ಎತ್ತಿಕೊಂಡ ಹೆಸರು ಕೋಟ್ನಿಸರದು. ಭಾರತಕ್ಕೆ ಬಂದ ಚೀನೀ ನಾಯಕರು ಅವರ ಮನೆಯವರನ್ನು ಭೇಟಿಯಾಗುತ್ತಿದ್ದರು. ಖ್ವಾಜಾ ಅಹ್ಮದ್ ಅಬ್ಬಾಸ್ ಅವರ ಮೇಲೆ ಪುಸ್ತಕ ಬರೆದರು, 1946ರಲ್ಲಿ ಶಾಂತಾರಾಮ್ ಅದನ್ನು ಸಿನಿಮಾ ಮಾಡಿದರು.

ಸೊಲ್ಲಾಪುರದ ಅವರ ಮನೆ ಈಗ ಸ್ಮಾರಕ. ಚಾದರ ತರಲು ಹೋಗುವವರು ಒಂದರ್ಧ ಗಂಟೆ ಉಳಿಸಿಕೊಂಡು ಅಲ್ಲಿಗೂ ಹೋಗಿ ಬನ್ನಿ.